ಕೈಗೆ ಹೊಂದಲಿಲ್ಲ

ಲಕ್ವ ಹೊಡೆದು ಕ್ಲೈಡನ ಬಲಗೈ ಬಿದ್ದುಹೋದ ಮೇಲೆ ಆ ಮನೆಯಲ್ಲಿ ಊಟಕ್ಕೆ ಕೂರುವ ಜಾಗಗಳೇ ಬದಲಾದವು. ಮೊದಲು ಅವನು ಒಲೆಗೆ ಬೆನ್ನು ಕೊಟ್ಟು ಮೇಜಿನ ತಲೆಗೆ ಕೂರುತ್ತಿದ್ದ. ಈಗ ಮಗಳು ಶೆಲ್ಬಿಯ ಪಕ್ಕ ಕೂರುತ್ತಾನೆ. ಅವಳು ತನ್ನ ತಟ್ಟೆ ಮುಟ್ಟುವ ಮೊದಲು ಅಪ್ಪನ ತಟ್ಟೆಯ ಮಾಂಸ ಕತ್ತರಿಸಿ ಕೊಡಬೇಕು. ಹತ್ತೊಂಬತ್ತರ ಹುಡುಗಿ, ಹಗಲೆಲ್ಲ ಬಂದರಿನ ಅಂಗಡಿಯಲ್ಲಿ ಡಬ್ಬಿ ಜೋಡಿಸಿ ಬಂದವಳು. ಜಿಂಕೆ ಮಾಂಸವನ್ನು ಸಿಟ್ಟಿನಿಂದಲೇ ಕತ್ತರಿಸುತ್ತಿದ್ದಳು.

"ಇಷ್ಟು ಸಣ್ಣ ಯಾಕೆ? ನಾನೇನು ಹಲ್ಲಿಲ್ಲದ ಮುದುಕನಾ?" ಎಂದ ಕ್ಲೈಡ್.

"ದೊಡ್ಡದು ಮಾಡಿದ್ದಕ್ಕೆ ನಿನ್ನೆ ಗಂಟಲಿಗೆ ಸಿಕ್ಕೊಂಡಿತ್ತು."

"ಹಲ್ಲಿಲ್ಲದ ಮುದುಕಿ ಇಲ್ಲಿದೀನಿ, ಇತ್ಲಾಗ್ ಕೊಡು," ಎಂದು ಅಜ್ಜಿ ಓಪಲ್ ತಟ್ಟೆ ಚಾಚಿದಳು. ಕ್ಲೈಡನ ತಾಯಿ. ಅವಳ ಸೊಂಟ ಬಾಗಿತ್ತು, ನಾಲಿಗೆ ಬಾಗಿರಲಿಲ್ಲ.

ಕ್ಲೈಡನ ಹೆಂಡತಿ ನೇಡೀನ್ ತಾನು ಓಡಿಸುವ ಸ್ಕೂಲ್ ಬಸ್ಸಿನ ಬೀಗದ ಕೈಯನ್ನು ಮೊಳೆಗೆ ತಗುಲಿಸಿ, ಬೂಟು ಬಿಚ್ಚಿ, ಬಂದು ಕೂತಳು. ಕೂತವಳೇ ಹೇಳಿದಳು. "ಮೇ ತಿಂಗಳ ಕೊನೇ ವಾರಕ್ಕೆ ವಿಮಾನ ಬರುತ್ತಂತೆ. ಅಷ್ಟರೊಳಗೆ ನಂಗೊಂದು ರಿವಾಲ್ವರ್ ಆಗ್ಬೇಕು. ಈ ಸಲ ಅವರ ಕೋವಿ ನಂಬ್ಕೊಂಡು ಹೋಗಲ್ಲ."

ಅವಳು ಯಾಕೆ ಹಾಗೆಂದಳು ಅಂತ ಎಲ್ಲರಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ನಮ್ಮ ದ್ವೀಪದ ಹೊಳೆಗಳಿಗೆ ಅಡ್ಡಬೇಲಿ ಹಾಕಿ, ಕಡಲಿನಿಂದ ಏರಿಬರುವ ಸಾಲ್ಮನ್ ಮೀನುಗಳನ್ನು ಎಣಿಸುತ್ತಾರೆ. ಬೇಲಿಗೆ ಒಬ್ಬರು, ಒಂದು ಗುಡಿಸಲು, ಹತ್ತಿರದ ಮನುಷ್ಯನೆಂದರೂ ವಿಮಾನದಲ್ಲಿ ಹೋಗುವಷ್ಟು ದೂರ. ಗುತ್ತಿಗೆದಾರರು ಒಂದು ಉದ್ದ ಕೋವಿ ಕೊಡುತ್ತಾರೆ, ಕೊಟ್ಟೆವು ಅಂತ ಸಹಿ ಹಾಕಿಸಿಕೊಳ್ಳುತ್ತಾರೆ, ಅಲ್ಲಿಗೆ ಅವರ ಕೈ ತೊಳೆದುಹೋಯಿತು. ಸೊಂಟದ ತನಕ ನೀರಲ್ಲಿ ನಿಂತು, ಎರಡೂ ಕೈಯಲ್ಲಿ ಬೇಲಿಯ ಸರಳು ಹಿಡಿದು ಕಸ ತೆಗೆಯುವವಳು ಕೋವಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕೇ? ಹೋದ ವರ್ಷ ನೇಡೀನ್ ನೀರಲ್ಲಿದ್ದಳು, ಕೋವಿ ದಡದಲ್ಲಿತ್ತು, ನಡುವೆ ಕಂದು ಕರಡಿ ಬಂದು ಕೂತಿತ್ತು. ಅದು ಮೀನು ತಿಂದು ಮುಗಿಸಿ ಎದ್ದು ಹೋಗುವ ತನಕ ಅವಳು ಹಿಮನೀರಿನಲ್ಲಿ ಅಲ್ಲಾಡದೆ ನಿಂತಿದ್ದಳು. ಕಾಲಿನ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ.

ಎದೆಗೆ ಕಟ್ಟಿಕೊಳ್ಳುವ ದೊಡ್ಡ ಗುಂಡಿನ ರಿವಾಲ್ವರ್ ಇದ್ದರೆ ಅದು ಮೈ ಬಿಟ್ಟು ಹೋಗುವುದಿಲ್ಲ. ಗುಂಡಿನ ಅಳತೆ ಹಿಡಿದು ನಾವು ಅದನ್ನು ಸುಮ್ಮನೆ ನಲವತ್ನಾಲ್ಕು ಅನ್ನುತ್ತೇವೆ. ಕ್ಲೈಡನ ಬಳಿ ಅಂಥದೊಂದಿತ್ತು. ಬೇಟೆಗೆ ಬರುವ ಸಾಹುಕಾರರಿಗೆ ದಾರಿ ತೋರಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಎದೆಯ ಮೇಲಿತ್ತು. ಮದುವೆಯಾದ ವರ್ಷ ನೇಡೀನಳನ್ನು ಜಲ್ಲಿ ಗುಂಡಿಗೆ ಕರೆದುಕೊಂಡು ಹೋಗಿ ಗನ್ನು ಹಿಡಿಯಲು ಕಲಿಸಿದ್ದೂ ಅದರಲ್ಲೇ. ಹೋದ ವರ್ಷದ ಹಿಂದಿನ ವರ್ಷ ದೋಣಿಯಲ್ಲಿದ್ದಾಗಲೇ ಅವನಿಗೆ ಪಾರ್ಶ್ವವಾಯು ಬಡಿಯಿತು. ದೋಣಿ ಮಗುಚಿತು. ಅವನು ಸಿಕ್ಕ, ಗನ್ನು ಸಿಗಲಿಲ್ಲ.

"ಹಳೇದು ನೋಡೋಣ. ನಾನು ನೋಡಿ ಆರಿಸಿ ಕೊಡ್ತೀನಿ," ಎಂದ ಕ್ಲೈಡ್.

ನೇಡೀನ್ ತಲೆ ಎತ್ತಿದಳು. ಚಳಿಗಾಲ ಪೂರ್ತಿ ಅವನು ಹೊಸಿಲು ದಾಟಿರಲಿಲ್ಲ.

"ನೀನು ಬರ್ತೀಯಾ? ಹೊರಗೆ?"

"ಕಾಲಿದಾವಲ್ಲ. ಕೈಗೆ ಇವಳಿದಾಳೆ," ಎಂದು ಮಗಳ ಕಡೆ ಗದ್ದದಲ್ಲೇ ತೋರಿಸಿದ.

"ಹೂಂ, ನಾನಿರೋದೇ ಅದಕ್ಕೆ," ಎಂದಳು ಶೆಲ್ಬಿ.

"ಕರ್ಕೊಂಡ್ ಹೋಗೇ," ಎಂದಳು ನೇಡೀನ್. ಅಂದು ಅವಳ ಮುಖ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಸಡಿಲವಾಗಿತ್ತು. ಗಂಡನಿಗೆ ಅಂಗಿ ಹಾಕಿಕೊಂಡು ಹೊರಗೆ ಹೋಗುವುದಕ್ಕೆ ಒಂದು ಕೆಲಸ ಸಿಕ್ಕಿತಲ್ಲ ಎಂದು ಅವಳಿಗೆ ಸಮಾಧಾನ.

ಮೊದಲು ನೋಡಿದ್ದು ಸ್ಕೂಲಿನ ಮೇಷ್ಟ್ರ ಗನ್ನು. ಆತ ಹೊರಗಿನಿಂದ ಬಂದವನು. ಕರಡಿಯ ಭಯಕ್ಕೆ ಕೊಂಡು, ಐದು ಗುಂಡು ಹಾರಿಸಿ, ಮಣಿಕಟ್ಟು ನೋಯಿಸಿಕೊಂಡು ಕಪಾಟಿಗೆ ಹಾಕಿದ್ದ. ನಮ್ಮಲ್ಲಿ ಮಾರಾಟಕ್ಕೆ ಬರುವ ದೊಡ್ಡ ರಿವಾಲ್ವರುಗಳ ಕತೆ ಹೆಚ್ಚುಕಮ್ಮಿ ಇದೇ. ಗನ್ನಿನ ಜೊತೆ ಗುಂಡಿನ ಪೆಟ್ಟಿಗೆಯೂ ಬರುತ್ತದೆ. ಅದರಲ್ಲಿ ಎಷ್ಟು ಗುಂಡು ಉಳಿದಿವೆ ನೋಡಿದರೆ ಮಾಲೀಕನ ಗಂಡಸುತನದ ಲೆಕ್ಕ ತಾನಾಗಿ ಸಿಗುತ್ತದೆ.

ಮೇಷ್ಟ್ರು ಕಾಫಿ ಕೊಟ್ಟ. ರಿವಾಲ್ವರಿನ ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ತೆರೆದು, ಆರೂ ಗೂಡು ಖಾಲಿ ಎಂದು ತೋರಿಸಿ, ಶೆಲ್ಬಿಯ ಕೈಗಿಟ್ಟ. ಅಷ್ಟು ಮರ್ಯಾದೆ ಅವನೂ ಕಲಿತಿದ್ದ.

"ಖಾಲಿ ಎಳೀಬಹುದಾ?" ಕ್ಲೈಡ್ ಕೇಳಿದ. ಕೇಳದೆ ಇನ್ನೊಬ್ಬರ ಗನ್ನು ಎಳೆಯುವುದು ಕೇಳದೆ ಅವರ ಅಡುಗೆಮನೆಯ ಪಾತ್ರೆ ತೆರೆದ ಹಾಗೆ.

"ಧಾರಾಳವಾಗಿ."

"ಶೆಲ್ಬಿ, ಉರುಳೆ ಮುಚ್ಚು. ಎರಡೂ ಕೈಯಲ್ಲಿ ಮುಚ್ಚು, ಸಿನಿಮಾದವರ ಥರ ಕೈ ಬೀಸಬೇಡ, ಕೀಲು ಬಾಗುತ್ತೆ. ಹಾಂ. ಈಗ ಹಿಂದಿರೋ ಕುದುರೆ, ಆ ಬಡಿಯೋ ಕೊಕ್ಕೆ, ಹೆಬ್ಬೆರಳಲ್ಲಿ ಎಳಿ. ನಿಧಾನ. ಇನ್ನೂ ನಿಧಾನ. ಜೋರಾಗಿ ಎಳೆದ್ರೆ ಕೆಟ್ಟ ಗನ್ನೂ ಒಳ್ಳೇದರ ಥರ ನಾಟಕ ಮಾಡುತ್ತೆ. ಉರುಳೆ ಓಡೋ ರಭಸಕ್ಕೇ ಹೋಗಿ ಕೂರುತ್ತೆ. ನಿಧಾನಕ್ಕೆ ಎಳೆದಾಗ ಕೂತ್ರೆ ಮಾತ್ರ ನಿಜ. ಕುದುರೆ ನಿಲ್ಲೋದ್ರೊಳಗೆ ಉರುಳೆ ಕಟ್ ಅಂತ ಕೂರಬೇಕು. ಆರು ಗೂಡಿಗೂ ನೋಡು."

ಆರೂ ಕೂತವು. ಶೆಲ್ಬಿ ಉರುಳೆಯನ್ನು ಬೆರಳಲ್ಲಿ ಅಲ್ಲಾಡಿಸಿದಳು, ಹಿಂದೆ ಮುಂದೆ ತಳ್ಳಿದಳು, ಕಲ್ಲಿನ ಹಾಗಿತ್ತು. ಟಾರ್ಚು ಹಿಡಿದು ನಳಿಕೆಯ ಒಳಗೆ ನೋಡಿದಳು. ಕನ್ನಡಿ. ಕ್ಲೈಡ್ ಬಗ್ಗಿ, ಉರುಳೆಗೆ ತಾಗುವ ನಳಿಕೆಯ ಹಿಂಬಾಯಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದ.

"ಚೆನ್ನಾಗಿದೆ ಮೇಷ್ಟ್ರೇ. ಕೈಗೆ ಹೊಂದಲಿಲ್ಲ."

ಇದೂ ನಮ್ಮ ಕಡೆಯ ಮರ್ಯಾದೆ. ಯಾರದೇ ಗನ್ನಿಗಾಗಲಿ ಅವರ ಅಡುಗೆಮನೆಯಲ್ಲಿ ಕೂತು, ಅವರ ಕಾಫಿ ಕುಡಿದು, ಹೆಸರಿಡುವ ಹಾಗಿಲ್ಲ. ಕೈಗೆ ಹೊಂದಲಿಲ್ಲ ಅಂದರೆ ಮುಗಿಯಿತು. ಮಾರುವವನೂ ಯಾಕೆ ಅಂತ ಕೇಳುವುದಿಲ್ಲ. ದೋಷ ಏನಿದ್ದರೂ ಗಾಡಿ ಹತ್ತಿ ಬಾಗಿಲು ಹಾಕಿದ ಮೇಲೆ.

"ಏನಾಗಿತ್ತು?" ಗಾಡಿಯಲ್ಲಿ ಶೆಲ್ಬಿ ಕೇಳಿದಳು.

"ಹಿಂಬಾಯಲ್ಲಿ ಬಿರುಕಿತ್ತು."

"ನಂಗೆ ಕಾಣಲಿಲ್ಲ. ಮಸಿ ಗೆರೆ ಇತ್ತು ಅಷ್ಟೇ."

"ನಿಂಗೆ ಕಾಣೋ ಹಾಗಿದ್ರೆ ನಾನ್ಯಾಕೆ ಬರ್ಬೇಕಿತ್ತು?"

ಎರಡನೆಯದು ಮೀನುಗಾರನದು. ಉಪ್ಪುನೀರು ತಿಂದು ನಳಿಕೆಯೊಳಗೆ ಹುಳುಕು ಹಲ್ಲಿನ ಹಾಗೆ ಗುಳಿ ಬಿದ್ದಿತ್ತು. ಅದು ಶೆಲ್ಬಿಗೂ ಕಂಡಿತು. ಮೂರನೆಯದು ವಿಧವೆ ಹಿಲ್ಡಾಳ ಗಂಡನದು. ಹಿಲ್ಡಾ ಕಾಫಿಯ ಜೊತೆ ಗಟ್ಟಿ ಬಿಸ್ಕತ್ತು, ಬೆರ್ರಿ ಹಣ್ಣಿನ ಜಾಮ್ ಇಟ್ಟಿದ್ದಳು. ಗನ್ನನ್ನು ಗಂಡನ ಉಣ್ಣೆಯ ಕಾಲುಚೀಲದೊಳಗಿಂದ ತೆಗೆದಳು.

"ವಾರಕ್ಕೊಂದ್ಸಲ ಎಣ್ಣೆ ಹಾಕ್ತಿದ್ದ ಪುಣ್ಯಾತ್ಮ. ನನ್ನ ಮೊಣಕಾಲಿಗೆ ಎಣ್ಣೆ ಹಚ್ಚು ಅಂದ್ರೆ ಹಚ್ತಿರಲಿಲ್ಲ. ನೇಡೀನಳ ಕೈಗೆ ಹೋದ್ರೆ ನಂಗೂ ನೆಮ್ಮದಿ," ಎಂದಳು.

ಶೆಲ್ಬಿ ನಿಧಾನಕ್ಕೆ ಎಳೆದಳು. ಕಟ್. ಕಟ್. ಆರೂ ಕೂತವು. ಅವಳ ಬೆರಳಿಗೆ ಈಗ ಸ್ವಲ್ಪ ಬುದ್ಧಿ ಬಂದಿತ್ತು. ಕ್ಲೈಡ್ ಹೇಳುವ ಮೊದಲೇ ಉರುಳೆಯನ್ನು ಹಿಂದೆ ಮುಂದೆ ತಳ್ಳಿ ನೋಡಿದಳು. ಕೂದಲೆಳೆಯಷ್ಟೂ ಅಲುಗಲಿಲ್ಲ. ಅಪ್ಪನ ಕಡೆ ನೋಡಿ ನಕ್ಕಳು.

"ಕೈಗೆ ಹೊಂದಲಿಲ್ಲ ಹಿಲ್ಡಾ," ಎಂದ ಕ್ಲೈಡ್.

ಹಿಲ್ಡಾ ಏನೂ ಕೇಳಲಿಲ್ಲ. ಗನ್ನನ್ನು ಕಾಲುಚೀಲಕ್ಕೆ ಹಾಕಿದಳು. ಬಿಸ್ಕತ್ತಿನ ತಟ್ಟೆಯನ್ನೂ ಎತ್ತಿದಳು.

"ಉರುಳೆ ಸಡಿಲ ಇದೆ," ಎಂದ ಗಾಡಿಯಲ್ಲಿ.

"ಇರಲಿಲ್ಲ."

"ಇತ್ತು."

"ಅಪ್ಪಾ, ಕೈ ನಂದು. ಇರಲಿಲ್ಲ."

"ಕೈ ನಿಂದು. ಅನುಭವ ನಂದು. ಗಾಡಿ ಬಿಡು."

ಮನೆಗೆ ಬಂದರೆ ನೇಡೀನ್ ಬಾಗಿಲಲ್ಲೇ ನಿಂತಿದ್ದಳು. ಕೈಗೆ ಮೈದಾ ಮೆತ್ತಿತ್ತು. ಅವರ ಮುಖ ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ಅವತ್ತು ಬ್ರೆಡ್ಡು ಗಟ್ಟಿಯಾಗಿತ್ತು.

"ಹಿಟ್ಟನ್ನೂ ನೀನೇ ನೋಡಿ ಆರಿಸಿದ್ಯೇನೋ ಕ್ಲೈಡ್? ಹಲ್ಲಿಗೆ ಹೊಂದಲಿಲ್ಲ," ಎಂದಳು ಓಪಲ್.

ಹಿಮ ಕರಗಿ ರಸ್ತೆ ಕೆಸರಾಯಿತು. ಶೆಲ್ಬಿ ಬೆಳಗ್ಗೆ ಅಪ್ಪನ ಅಂಗಿಯ ಗುಂಡಿ ಹಾಕಿ, ಬೂಟಿನ ಹುರಿ ಕಟ್ಟಿ, ಗಡ್ಡ ಬೋಳಿಸಿ, ಅಂಗಡಿಗೆ ಓಡುತ್ತಿದ್ದಳು. ನೇಡೀನ್ ಬಸ್ಸಿನ ಕೆಲಸದ ಮೇಲೆ ಮೀನು ಕಾರ್ಖಾನೆಯಲ್ಲಿ ನೆಲ ತೊಳೆಯುವ ಪಾಳಿಯನ್ನೂ ಹಿಡಿದಳು. ಗುತ್ತಿಗೆದಾರರ ಗುಂಡು ಹೊಡೆಯುವ ಪರೀಕ್ಷೆಗೆ ಸ್ವಂತ ಗನ್ನು ತರಬೇಕು. ಪರೀಕ್ಷೆ ಪಾಸಾಗದೆ ರಿವಾಲ್ವರ್ ಕಟ್ಟಿಕೊಂಡು ವಿಮಾನ ಹತ್ತುವ ಹಾಗಿಲ್ಲ. ರಿವಾಲ್ವರ್ ಇಲ್ಲದೆ ತಾನು ಹತ್ತುವುದಿಲ್ಲ ಎಂದು ಅವಳೇ ಹೇಳಿಯಾಗಿತ್ತು. ಅದನ್ನು ಕ್ಲೈಡ್ ಚೆನ್ನಾಗಿ ಕೇಳಿಸಿಕೊಂಡಿದ್ದ.

ಒಂದು ಮಧ್ಯಾಹ್ನ ಮರ್ಲ್ ಅಂಗಡಿಗೆ ಹೊಗೆಸೊಪ್ಪು ಕೊಳ್ಳಲು ಬಂದ. ಬಂದರಿನಲ್ಲಿ ಕ್ರೇನು ನಡೆಸುವವನು, ಕ್ಲೈಡನ ಹಳೇ ಜೊತೆಗಾರ. ಎದೆಯ ಮೇಲೆ ಹೊಸ ಚರ್ಮದ ಪಟ್ಟಿ, ಅದರಲ್ಲಿ ಗನ್ನು.

"ಏನ್ ಮಾವ, ಕ್ರೇನ್ ಹತ್ತೋಕ್ ಕರಡಿ ಬರುತ್ತಾ?" ಎಂದಳು ಶೆಲ್ಬಿ.

"ತಮಾಷೆ ಮಾಡ್ತೀಯಾ? ನೋಡಿಲ್ಲಿ, ರತ್ನ! ಆ ಮೇಷ್ಟ್ರುದು. ಐದೇ ಗುಂಡು ಹೊಡೆದಿದ್ನಂತೆ. ನಾನು ನೂರು ಹೊಡ್ದೆ, ಕೂದಲು ಕೊಂಕಿಲ್ಲ."

ಶೆಲ್ಬಿಯ ಕೈಯಲ್ಲಿದ್ದ ಚಿಲ್ಲರೆ ಹಾಗೇ ನಿಂತಿತು. "ಅದ್ರಲ್ಲಿ ಬಿರುಕಿದೆಯಲ್ಲ? ಹಿಂಬಾಯಲ್ಲಿ?"

"ಯಾವನಂದ? ನಿಮ್ಮಪ್ಪನೇ ಫೋನ್ ಮಾಡಿ ಹೇಳಿದ್ದು ನಂಗೆ. ಮರ್ಲ್, ಇಂಥಾ ಗನ್ನು ಹತ್ತು ವರ್ಷಕ್ಕೊಂದು ಬರುತ್ತೆ, ಬೇರೆ ಯಾವನಾದ್ರೂ ಪೆದ್ದ ಎತ್ಕೊಂಡ್ ಹೋಗೋ ಮೊದ್ಲು ಹೋಗು ಅಂದ. ನಿಮ್ಮಪ್ಪನ ಕಣ್ಣು ಕಣ್ಣೇ ಕಣಮ್ಮ. ಕೈ ಹೋದ್ರೇನು."

ಆ ಸಂಜೆ ಆಲೂಗಡ್ಡೆ, ಡಬ್ಬಿಯ ಸಾಲ್ಮನ್ ಕಲಸಿ ಹುರಿದ ವಡೆ. ಶೆಲ್ಬಿ ಅಪ್ಪನ ತಟ್ಟೆಯಲ್ಲಿದ್ದುದನ್ನು ಕತ್ತರಿಸಲಿಲ್ಲ. ಚಾಕು ಮೇಜಿನ ಮೇಲಿಟ್ಟಳು.

"ಮರ್ಲ್ ಮಾವನ ಹತ್ರ ಮೇಷ್ಟ್ರ ಗನ್ನಿದೆ."

ಕ್ಲೈಡ್ ಫೋರ್ಕಿನಲ್ಲಿ ಆಲೂಗಡ್ಡೆ ಚುಚ್ಚುತ್ತಿದ್ದವನು ನಿಲ್ಲಿಸಿದ.

"ಬಿರುಕಿಲ್ಲವಂತೆ. ರತ್ನವಂತೆ. ನೀನೇ ಫೋನ್ ಮಾಡಿದ್ಯಂತೆ."

"ಏನೇ ಅದು?" ನೇಡೀನ್ ಕೇಳಿದಳು. ಶೆಲ್ಬಿ ಎಲ್ಲ ಹೇಳಿದಳು. ಹಿಲ್ಡಾಳ ಗನ್ನೂ ಗಟ್ಟಿಯಿತ್ತು, ಉರುಳೆ ಅಲುಗುತ್ತಿರಲಿಲ್ಲ ಅಂತಲೂ ಹೇಳಿದಳು.

ನೇಡೀನ್ ಬಾಯಲ್ಲಿದ್ದ ತುತ್ತನ್ನು ನುಂಗಿದಳು. ನೀರು ಕುಡಿದಳು. "ಸುಳ್ಳು ಹೇಳಿದ್ಯಾ?"

"ಅದು ನಿನ್ನ ಕೈಗೆ ಭಾರ ಆಗ್ತಿತ್ತು..."

"ಸುಳ್ಳು ಹೇಳಿದ್ಯಾ, ಕ್ಲೈಡ್?"

"ನೀನು ಹೋಗೋದು ನಂಗಿಷ್ಟ ಇಲ್ಲ! ಅಷ್ಟೇ! ಹೇಳ್ಬೇಕಿತ್ತು, ಹೇಳಿದೀನಿ."

"ಇಷ್ಟ ಇಲ್ಲ ಅಂತ ಹೇಳೋಕೆ ಬಾಯಿರಲಿಲ್ವಾ? ಬಿದ್ದುಹೋಗಿದ್ದು ಕೈ ತಾನೇ?"

"ನೇಡೀನ್!" ಎಂದಳು ಓಪಲ್.

"ನೀವು ಸುಮ್ನಿರಿ ಅತ್ತೆ. ಬೆಳಗ್ಗೆ ಬಸ್ಸು, ಸಂಜೆ ಮೀನಿನ ಕರುಳು ತೊಳೆದು ಬರ್ತೀನಿ. ಇವನು ಹೊರಗೆ ಹೋಗ್ತಾನಲ್ಲ, ಜನರ ಜೊತೆ ಮಾತಾಡ್ತಾನಲ್ಲ ಅಂತ ದಿನಾ ಖುಷಿಪಟ್ಟೆ. ಇವನು ಮನೆಮನೆಗೆ ಹೋಗಿ ನನ್ನ ಬಾಗಿಲು ಮುಚ್ಕೊಂಡು ಬಂದಿದಾನೆ. ಕಾಫಿ ಕುಡ್ಕೊಂಡು!"

"ಹೋದ ವರ್ಷ ಸೆಪ್ಟೆಂಬರ್ ತನಕ ಬರಲಿಲ್ಲ ನೀನು. ಶೌಚಕ್ಕೆ ಹೋಗೋಕೂ ಮಗಳನ್ನ ಕರೀಬೇಕು ನಾನು. ಮಗಳನ್ನ! ಗೊತ್ತಾ ಅದು ಹೇಗಿರುತ್ತೆ ಅಂತ?"

"ನಂಗೆ ಗೊತ್ತು," ಎಂದಳು ಶೆಲ್ಬಿ.

ಕ್ಲೈಡ್ ಎಡಗೈಯಲ್ಲಿ ವಡೆಯನ್ನು ಇಡಿಯಾಗಿ ಎತ್ತಿ ಕಚ್ಚಿದ. ಅರ್ಧ ಅಂಗಿಯ ಮೇಲೆ ಬಿತ್ತು. ಯಾರೂ ಒರೆಸಲಿಲ್ಲ.

ಅಷ್ಟರಲ್ಲಿ ಹಿಲ್ಡಾಳ ಗನ್ನೂ ಯಾರಿಗೋ ಹೋಗಿತ್ತು. ಪರೀಕ್ಷೆಗೆ ಒಂದು ವಾರ ಉಳಿದಾಗ ನೇಡೀನ್ ಹಡಗುಕಟ್ಟೆಯಲ್ಲಿ ಊರು ಬಿಟ್ಟು ಹೋಗುತ್ತಿದ್ದ ಒಬ್ಬನಿಂದ ಒಂದು ನಲವತ್ನಾಲ್ಕು ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದಳು. ಊಟದ ಮೇಜಿನ ಮೇಲೆ, ಬೆಣ್ಣೆಯ ಬಟ್ಟಲಿನ ಪಕ್ಕ ಇಟ್ಟಳು. ಹಿಡಿಕೆಯ ಮರ ಒಂದು ಕಡೆ ಒಡೆದು, ಟೇಪು ಸುತ್ತಿತ್ತು. ನಳಿಕೆಯ ಬಣ್ಣ ಹೋಗಿ ಬೂದಿಯಾಗಿತ್ತು.

"ಇದು ನನ್ನದು. ಯಾರೂ ನೋಡಿ ಆರಿಸಬೇಕಾಗಿಲ್ಲ."

ಕ್ಲೈಡ್ ಆಗಲೇ ನೋಡುತ್ತಿದ್ದ. "ಬಹಳ ಹೊಡೆದಿದಾನೆ ಇದ್ರಲ್ಲಿ. ಉರುಳೆಯ ಮೇಲಿನ ಪಟ್ಟಿ ನೋಡು, ಬೆಂಕಿ ತಿಂದು ಗೀರು ಬಿದ್ದಿದೆ. ಶೆಲ್ಬಿ, ಒಂದ್ಸಲ ಎಳಿ. ನಿಧಾನ."

ಶೆಲ್ಬಿ ಗನ್ನು ಎತ್ತಿಕೊಂಡಳು. ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಕುದುರೆಯನ್ನು ರಪ್ಪನೆ ಎಳೆದಳು. ಕಟ್. ಮತ್ತೆ ರಪ್ಪನೆ. ಕಟ್. ಆರು ಸಲ, ಕಸ ಗುಡಿಸುವ ರಭಸದಲ್ಲಿ.

"ಕೂತ್ವು. ಆರೂ."

"ನಿಧಾನ ಅಂದೆ ನಾನು."

"ನಿಧಾನಕ್ಕೆ ಎಳೆದ ಎಲ್ಲಾ ಗನ್ನೂ ನಿಂಗೆ ಕೆಟ್ಟದೇ ಆಗಿದ್ವು. ಇನ್ಮೇಲೆ ಜೋರಾಗೇ ಎಳೀತೀನಿ."

ನೇಡೀನ್ ಗನ್ನನ್ನು ತೆಗೆದುಕೊಂಡು ಫ್ರಿಜ್ಜಿನ ಮೇಲಿನ ಹಲಗೆಗೆ ಇಟ್ಟಳು.

ಮರುದಿನ ಮನೆಯಲ್ಲಿ ಓಪಲ್, ಕ್ಲೈಡ್ ಇಬ್ಬರೇ. ಓಪಲ್ ಆಲೂಗಡ್ಡೆ ಸುಲಿಯುತ್ತಿದ್ದಳು. ತಿರುಗಿ ನೋಡಿದರೆ ಮಗ ಒಲೆಯ ಎದುರು ಕುರ್ಚಿಯಲ್ಲಿ ಬಗ್ಗಿ ಕೂತಿದ್ದಾನೆ, ಎರಡು ಮೊಣಕಾಲುಗಳ ನಡುವೆ ಗನ್ನಿದೆ. ಅವಳ ಕೈಯಿಂದ ಚಾಕು ಬಿತ್ತು.

"ಮಗಾ! ಏನೋ ಮಾಡ್ತಿದೀಯ?"

"ಕೂಗಬೇಡಮ್ಮಾ. ಗುಂಡಿಲ್ಲ ಇದ್ರಲ್ಲಿ. ಬಂದು ನೋಡು ಬೇಕಾದ್ರೆ."

ಅವಳು ಬಂದು ನೋಡಿದಳು. ಅವನು ಮೊಣಕಾಲಲ್ಲಿ ಗನ್ನು ಅದುಮಿ ಹಿಡಿದು, ಎಡಗೈಯ ಹೆಬ್ಬೆರಳಲ್ಲಿ ಕುದುರೆಯನ್ನು ಇರುವೆ ನಡೆದ ಹಾಗೆ ಎಳೆಯುತ್ತಿದ್ದ. ಕಂಡವರ ಅಡುಗೆಮನೆಯಲ್ಲಿ ಹೀಗೆ ಕೂರಲು ಅವನಿಗೆ ಸಾಧ್ಯವಿರಲಿಲ್ಲ. ಹೆಬ್ಬೆರಳು ಜಾರಿ ಉಗುರು ಕಿತ್ತು ರಕ್ತ ಬಂದಿತ್ತು. ಕಟ್. ಕಟ್. ಒಂದು ಗೂಡಿಗೆ ಬಂದಾಗ ಕುದುರೆ ಪೂರ್ತಿ ಹಿಂದೆ ನಿಂತಿತು, ಉರುಳೆ ಮಾತ್ರ ಕೂರಲಿಲ್ಲ. ಅವನು ಬೆರಳಿಂದ ತಳ್ಳಿದ ಮೇಲೆ ಕಟ್ ಅಂದಿತು.

"ಕೇಳಿಸ್ತಾ? ಈ ಗೂಡು ನಳಿಕೆಗೆ ನೇರ ಬರ್ತಿಲ್ಲ. ಗುಂಡು ಅಂಚಿಗೆ ಬಡಿಯುತ್ತೆ. ಸೀಸ ಸಿಡಿದು ಕಣ್ಣಿಗೆ ಹೊಡೀಬಹುದು, ಗನ್ನೇ ಸಿಕ್ಕೊಂಡು ನಿಲ್ಲಬಹುದು. ಕರಡಿ ಎದುರಿಗೆ."

"ಹೇಳು ಮತ್ತೆ ಅವಳಿಗೆ."

"ಹೇಳ್ತೀನಿ. ಶೆಲ್ಬಿಯ ಉಗುರುಬಣ್ಣ ಎಲ್ಲಿದೆ?"

ಸಂಜೆ ಅವನು ಕೆಂಪು ಚುಕ್ಕೆ ಇಟ್ಟ ಗೂಡನ್ನು ತೋರಿಸಿದ. ದನಿ ತಗ್ಗಿಸಿಯೇ ಹೇಳಿದ. ದೇವರಾಣೆ ಇಟ್ಟ. ಅವನು ಆಣೆ ಇಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಶೆಲ್ಬಿ ನಕ್ಕಳು. "ನನ್ನ ಬಣ್ಣ ದಂಡ ಆಯ್ತು."

ನೇಡೀನ್ ಕೆಂಪು ಚುಕ್ಕೆಯನ್ನು ನೋಡಿದಳು. ಅವನ ಹೆಬ್ಬೆರಳಿನ ಗಾಯವನ್ನೂ ನೋಡಿದಳು. "ನಿನ್ನ ಕಣ್ಣಿಗೆ ಸರಿ ಇರೋ ಗನ್ನು ಸಿಗೋ ಹೊತ್ತಿಗೆ ನಂಗೆ ನಿಮ್ಮಮ್ಮನ ವಯಸ್ಸಾಗಿರುತ್ತೆ," ಎಂದಳು.

"ನಾನು ಕಣ್ಣಾರೆ ನೋಡಿದೀನಿ ಕಣೇ," ಎಂದಳು ಓಪಲ್.

"ನಿಮ್ಮ ಮಗ ಅಲ್ವಾ ಅತ್ತೆ. ನಿಮಗೆ ಕಾಣುತ್ತೆ."

ಪರೀಕ್ಷೆ ಜಲ್ಲಿ ಗುಂಡಿಯಲ್ಲೇ ನಡೆಯಿತು. ಶೆಲ್ಬಿ ಅಪ್ಪನನ್ನು ಗಾಡಿಯಲ್ಲಿ ಕೂರಿಸಿ ಕರೆತಂದಿದ್ದಳು. ಅವನು ಇಳಿಯಲಿಲ್ಲ, ಗಾಜು ಇಳಿಸಿ ನೋಡುತ್ತಿದ್ದ. ಗುತ್ತಿಗೆದಾರರ ಕಡೆಯವನು, ಹಾಲುಗಲ್ಲದ ಹುಡುಗ, ನೇಡೀನ್ ಗುಂಡು ತುಂಬುವುದನ್ನು ನೋಡಿ ಕೇಳಿದ.

"ಆರು ಗೂಡಿದ್ದಾವಲ್ಲ ಮೇಡಂ, ಐದೇ ಯಾಕೆ?"

"ನಂಗೆ ಐದು ಸಾಕು."

ಹಳಬರು ಕೆಲವರು ಸುರಕ್ಷತೆಗೆ ಅಂತ ಒಂದು ಗೂಡು ಖಾಲಿ ಬಿಡುತ್ತಾರೆ. ಹುಡುಗ ತಲೆಯಾಡಿಸಿದ. ಗನ್ನು ಗುಡುಗಿತು, ಐದು ಸಲ. ಹಲಗೆಯ ಕರಡಿಗೆ ಐದೂ ಎದೆಯಲ್ಲೇ ಬಿದ್ದವು. ನೇಡೀನ್ ಮಣಿಕಟ್ಟು ಕೊಡವಿಕೊಂಡು ಗಾಡಿಯ ಕಡೆ ನೋಡದೆ ಮತ್ತೆ ತುಂಬಿದಳು.

"ಅಷ್ಟೂ ಹಾರಿದ್ವಲ್ಲ, ಏನಂತೀಯ?" ಎಂದಳು ಶೆಲ್ಬಿ.

ಕ್ಲೈಡ್ ಗಾಜು ಏರಿಸುವ ಗುಂಡಿಯನ್ನು ಹುಡುಕುತ್ತಿದ್ದ.

ವಿಮಾನ ನೀರ ಮೇಲಿಂದ ಎದ್ದ ದಿನ ಮೋಡ ಕವಿದಿತ್ತು. ನೇಡೀನ್ ಅತ್ತೆಗೆ ಮುತ್ತು ಕೊಟ್ಟಳು, ಮಗಳನ್ನು ತಬ್ಬಿದಳು. ಗಂಡನ ಕೊರಳಪಟ್ಟಿ ಮಡಚಿದ್ದನ್ನು ಸರಿಮಾಡಿದಳು. "ಊಟ ಮಾಡು," ಎಂದಳು. ಅಷ್ಟೇ.

ಆಮೇಲಿನ ದಿನಗಳಲ್ಲಿ ಶೆಲ್ಬಿ ಕಡಿಮೆ ಮಾತಾಡತೊಡಗಿದಳು. ಒಂದು ಬೆಳಗ್ಗೆ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದವಳು ಎದೆಯ ಗುಂಡಿಗೆ ಬಂದಾಗ ಕೈ ನಿಲ್ಲಿಸಿದಳು. ಅವನ ಹೆಬ್ಬೆರಳಿನಲ್ಲಿ ಹೊಸ ಉಗುರು ಇನ್ನೂ ಪೂರ್ತಿ ಬಂದಿರಲಿಲ್ಲ.

"ಅಪ್ಪಾ. ಅದು ನಿಜಕ್ಕೂ ಕೂರ್ತಿರಲಿಲ್ವಾ?"

"ಇಲ್ಲ."

"ಆಣೆ?"

"ಇಟ್ಟಾಯ್ತಲ್ಲ ಒಂದ್ಸಲ. ಇನ್ನೆಷ್ಟು ಸಲ ಇಡ್ಲಿ?"

ಶೆಲ್ಬಿ ಉಳಿದ ಗುಂಡಿಗಳನ್ನು ತಪ್ಪು ತೂತಿಗೆ ಹಾಕಿದಳು. ಬಿಚ್ಚಿ ಮತ್ತೆ ಹಾಕಿದಳು. ಅಂಗಡಿಗೆ ಹೋಗಲಿಲ್ಲ.

ನಮ್ಮ ಕರಾವಳಿಯ ಬೇಲಿಗಳೂ ದೋಣಿಗಳೂ ಸಂಜೆ ಒಂದೇ ರೇಡಿಯೋದಲ್ಲಿ ಮಾತಾಡುತ್ತವೆ. ಯಾರ ಮನೆಯ ಮಾತೂ ಗುಟ್ಟಲ್ಲ. ಮರ್ಲ್ ಕೇಳುತ್ತಾನೆ, ಹಿಲ್ಡಾ ಕೇಳುತ್ತಾಳೆ, ಮೇಷ್ಟ್ರೂ ಕೇಳುತ್ತಾನೆ. ಅವತ್ತು ಮನೆಯಲ್ಲಿ ಓಪಲ್, ಕ್ಲೈಡ್, ಶೆಲ್ಬಿ ಮೂವರೂ ರೇಡಿಯೋದ ಮುಂದೆ ಕೂತರು. ಶೆಲ್ಬಿಯೇ ಮೊದಲು ಮೈಕು ಹಿಡಿದಳು.

"ಅಮ್ಮಾ, ಕೇಳಿಸ್ತಿದೆಯಾ? ಗನ್ನು ಸರಿ ಇಲ್ಲ. ನಾನು ಬೇಕಂತಲೇ ಜೋರಾಗಿ ಎಳೆದೆ. ಅಪ್ಪ ಹೇಳಿದ್ದು ನಿಜ. ಆ ಕೆಂಪು ಗೂಡು—"

"ಗೊತ್ತು," ಎಂದಿತು ರೇಡಿಯೋ. ಗಾಳಿ ಗೊರಗೊರ ಅನ್ನುತ್ತಿತ್ತು. "ಅದ್ರಲ್ಲಿ ಗುಂಡು ಹಾಕಲ್ಲ ನಾನು. ಕೊಳ್ಳೋವಾಗ್ಲೇ ಗೊತ್ತಿತ್ತು. ಗಾಡಿ ಮರೆಯಲ್ಲಿ ನಿಂತು ನಿಧಾನಕ್ಕೇ ಎಳೆದು ನೋಡಿದ್ದೆ."

ಶೆಲ್ಬಿಯ ಕೈಯಿಂದ ಕ್ಲೈಡ್ ಮೈಕನ್ನು ಕಿತ್ತುಕೊಂಡ. "ಗೊತ್ತಿದ್ದೂ ತಗೊಂಡ್ಯಾ? ಯಾಕೆ?"

"ಪೂರ್ತಿ ಸರಿ ಇರೋದು ಸಿಗೋ ತನಕ ಕಾದಿದ್ರೆ ನಾನು ಅಲ್ಲೇ ಇರ್ತಿದ್ದೆ."

"ನಿಧಾನಕ್ಕೆ ಎಳೆದು ನೋಡೋದನ್ನ ಯಾರು ಕಲಿಸಿದ್ದೇ ನಿಂಗೆ?" ಓಪಲ್ ಹಿಂದಿನಿಂದ ಕೂಗಿ ಕೇಳಿದಳು. ರೇಡಿಯೋಗೆ ಕೇಳಿಸಲಿಲ್ಲ.

"ನಾನೇ," ಎಂದ ಕ್ಲೈಡ್, ತಾಯಿಗೆ. ಮೈಕಿನ ಗುಂಡಿ ಅದುಮಿದ್ದ ಬೆರಳು ಸಡಿಲವಾಗಿತ್ತು.

"ಇನ್ನೊಂದು ಮಾತು," ಎಂದಿತು ರೇಡಿಯೋ. "ಸೆಪ್ಟೆಂಬರಿಗೆ ಬರ್ತಿಲ್ಲ ನಾನು. ಕೊಲ್ಲಿಯ ಆಚೆ ಮೀನುಮರಿ ಸಾಕೋ ಕಡೆ ಚಳಿಗಾಲಕ್ಕೆ ಕೆಲಸ ಇದೆ. ಒಪ್ಕೊಂಡಿದೀನಿ. ಸಂಬಳ ಕಳಿಸ್ತೀನಿ. ಶೆಲ್ಬಿ, ನೀನು ಬೇಕಾದ್ರೆ ಬಾ."

ದಿನಾ ನಡುವೆ ಬಾಯಿ ಹಾಕುವ ದೋಣಿಯವರೂ ಸುಮ್ಮನಿದ್ದರು.

"ಯಾಕೆ ನೇಡೀನ್?" ಎಂದ ಕ್ಲೈಡ್. "ಏನಾಯ್ತು ಹೇಳು. ಎಲ್ಲರೂ ಕೇಳಲಿ ಪರವಾಗಿಲ್ಲ. ಹೇಳು."

ಗಾಳಿಯ ಸದ್ದಿನ ನಡುವೆ ಅವಳ ದನಿ ಬಂತು, ಬೇರೆಯವರ ಅಡುಗೆಮನೆಯಲ್ಲಿ ಕಾಫಿಯ ಲೋಟ ಕೆಳಗಿಟ್ಟು ಏಳುವವರ ದನಿ.

"ಏನಿಲ್ಲ ಕ್ಲೈಡ್. ಕೈಗೆ ಹೊಂದಲಿಲ್ಲ."

ಅವನು ಯಾಕೆ ಅಂತ ಮತ್ತೆ ಕೇಳಲಿಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಒಲೆಯ ಮೇಲೆ ಮಾಂಸ ತಳ ಹಿಡಿಯುತ್ತಿತ್ತು. ಓಪಲ್ ಎದ್ದು ಇಳಿಸಿ, ಮೂರು ತಟ್ಟೆ ಹಾಕಿದಳು. ಕ್ಲೈಡ್ ಬಂದು ಮಗಳ ಪಕ್ಕದ ಕುರ್ಚಿಯಲ್ಲಿ ಕೂತ. ಶೆಲ್ಬಿ ಇನ್ನೂ ರೇಡಿಯೋದ ಹತ್ತಿರವೇ ನಿಂತಿದ್ದಳು. ಅವನು ತಟ್ಟೆಯಲ್ಲಿದ್ದ ಇಡೀ ತುಂಡನ್ನು ನೋಡುತ್ತ, ಕತ್ತರಿಸು ಅಂತ ಹೇಳದೆ, ಕಾದ.